ಕಸದ ಸಂಖ್ಯೆಗಳು

ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಅದನ್ನು ಬೋರಲು ಹಾಕಿ ನೋಡಬೇಕು. ಬೆನ್ನಿನ ಮೇಲೆ ತಿರುಪುಗಳು ಕಂಡರೆ ಮಾತು ಮುಂದುವರಿಸಬಹುದು. ಬಿಚ್ಚಲು ಬರುವ ವಸ್ತು ರಿಪೇರಿಗೂ ಬರುತ್ತದೆ. ತಿರುಪೇ ಇಲ್ಲದೆ ನುಣ್ಣಗಿದ್ದರೆ ಅಂಗಡಿಯವನಿಗೆ ಕೈಮುಗಿದು ಹೊರಗೆ ಬರಬೇಕು. ಇದು ನನ್ನ ಮೊದಲನೆಯ ಅಭಿಪ್ರಾಯ. ವಿಂಡೋಸ್ ಕಿತ್ತು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಏಳದ ಯಂತ್ರ ಯಂತ್ರವೇ ಅಲ್ಲ ಎಂಬುದು ಎರಡನೆಯದು. ಬ್ಯಾಟರಿ ಸತ್ತಿತೆಂದು ಲ್ಯಾಪ್‌ಟಾಪ್ ಸತ್ತಂತಲ್ಲ, ವೈರ್ ಚುಚ್ಚಿಕೊಂಡು ಇನ್ನೂ ಹತ್ತು ವರ್ಷ ದುಡಿಸಬಹುದು ಎಂಬುದು ಮೂರನೆಯದು. ಇನ್ನು ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಕೇಳಲೇಬೇಡಿ. ಕೇಳದಿದ್ದರೂ ಹೇಳುತ್ತೇನೆ: ಇಸ್ತ್ರಿಪೆಟ್ಟಿಗೆಯ ಶಾಖ, ಹಿಟ್ಟಿನ ಗಿರಣಿಯ ಸದ್ದು, ಸರ್ಕಸ್ಸಿನ ದೀಪ. ದಿನವಿಡೀ ಕಾರು ಓಡಿಸಿ ಕೂತಲ್ಲಿಂದ ಒಂದು ಅಡಿ ಮುಂದೆ ಹೋಗದವರು ಕೊಳ್ಳುವ ಸಾಮಾನು ಅದು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು ಎಂದು ಭಾವ ಹೇಳುತ್ತಾರೆ. ಅವರು ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ನನ್ನನ್ನು ಹೆಸರಿನಿಂದ ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿ ಎಂದು ಗೊತ್ತಾದ ದಿನದಿಂದ ನಾನು ಅವರ ಪಾಲಿಗೆ ಪೆಂಗ್ವಿನ್. ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ಕೋಣೆ ನನ್ನ ವಶದಲ್ಲಿದೆ. ಅಲ್ಲಿ ಎಂಟು ಲ್ಯಾಪ್‌ಟಾಪುಗಳಿವೆ. ಎಂಟೂ ಬೇರೆಯವರು ಎಸೆದವು, ಎಂಟೂ ಲಿನಕ್ಸಿನಲ್ಲಿ ಓಡುತ್ತವೆ. ನಾನು ಮದುವೆಯಾಗಲಿಲ್ಲ. ಅಕ್ಕ ಭಾವನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ.

ಅಕ್ಕ ಪುಸ್ತಕಕ್ಕೆ ಬೈಂಡಿಂಗ್ ಮಾಡುವವಳು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳೆಲ್ಲ ನಮ್ಮ ಮನೆಯ ಮುಂದಿನ ಕೋಣೆಗೆ ಬರುತ್ತವೆ. ಅವಳು ಹಾಳೆಗಳನ್ನು ಬಿಡಿಸಿ, ಮಡಿಕೆಯೊಳಗೆ ಸೂಜಿ ತೂರಿಸಿ ಹೊಲಿದು, ಬೆನ್ನಿಗೆ ಅಂಟು ಬಳಿದು, ಕಬ್ಬಿಣದ ಒತ್ತುಯಂತ್ರದಲ್ಲಿ ಎರಡು ದಿನ ಇಡುತ್ತಾಳೆ. ಅವಳು ಹೊಲಿದ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮೂವತ್ತೈದು ವರ್ಷಗಳಿಂದ ಅವಳ ಅನ್ನವೂ ಅದೇ, ಮಾನವೂ ಅದೇ.

ನನ್ನ ಮೂರನೆಯ ಅಭಿಪ್ರಾಯ ಅವಳ ಬಲಗೈಯನ್ನು ಮುರಿಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಗೋಡೆಯ ಪ್ಲಗ್ಗಿನಿಂದ ನನ್ನ ಮೇಜಿನವರೆಗೆ ನಡುಮನೆಗೆ ಅಡ್ಡಲಾಗಿ ವೈರ್ ಎಳೆದಿದ್ದೆ. ಒಂದು ಬೆಳಗ್ಗೆ ಅಕ್ಕ ಗಲ್ಲದವರೆಗೆ ಪುಸ್ತಕಗಳನ್ನು ಪೇರಿಸಿಕೊಂಡು ಬರುವಾಗ ಅದಕ್ಕೆ ಎಡವಿದಳು. ಪುಸ್ತಕಗಳಿಗೆ ಏನೂ ಆಗಲಿಲ್ಲ. ಅವಳ ಮಣಿಕಟ್ಟು ಎರಡು ಕಡೆ ಮುರಿಯಿತು.

ಆರು ವಾರದ ಮೇಲೆ ಪ್ಲಾಸ್ಟರ್ ತೆಗೆದಾಗ ಕೈ ಸೊರಗಿತ್ತು, ಬೆರಳುಗಳು ಮಡಚುತ್ತಿರಲಿಲ್ಲ. ಫಿಸಿಯೋ ಮೇಡಂ ಅಕ್ಕನಿಗೆ ಮುಷ್ಟಿ ಕಟ್ಟಲು ಹೇಳಿ, ಬೆರಳ ತುದಿಗೂ ಅಂಗೈಗೂ ನಡುವೆ ತಮ್ಮ ಮೂರು ಬೆರಳು ತೂರಿಸಿ ನೋಡಿದರು.

"ಮೂರು ಬೆರಳು ಜಾಗ ಇದೆ. ಇದು ಮುಚ್ಚಬೇಕು. ಇವತ್ತಿಂದ ಹತ್ತು ವಾರ ತುಂಬ ಮುಖ್ಯ, ಆಮೇಲೆ ಬಿಗಿ ಹಾಗೇ ಉಳ್ಕೊಳ್ಳುತ್ತೆ" ಎಂದರು.

"ಸೂಜಿ ಹಿಡೀಬಹುದಾ ಮೇಡಂ?" ಎಂದಳು ಅಕ್ಕ.

ಅವರು ಕಪಾಟಿನಿಂದ ಒಂದು ಡಬ್ಬಿ ತೆಗೆದರು. ಒಳಗೆ ಬೂದು ಬಣ್ಣದ ರಬ್ಬರ್ ಚೆಂಡು, ಅದಕ್ಕೊಂದು ವೈರ್. ಕಂಪ್ಯೂಟರಿಗೆ ಚುಚ್ಚಿ ಹಿಚುಕಿದರೆ ಪರದೆಯ ಮೇಲೆ ಒಂದು ಬಲೂನು ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಮನೆಗಳ ಚಾವಣಿಗೆ ತಗುಲದಂತೆ ಹಾರಿಸಿಕೊಂಡು ಹೋಗಬೇಕು. ದಿನಕ್ಕೆ ನಾನೂರು ಸಲ.

"ಬರೀ ಚೆಂಡು ಕೊಟ್ರೆ ಯಾರೂ ಮಾಡಲ್ಲ. ಐವತ್ತಕ್ಕೆ ಬೇಜಾರಾಗುತ್ತೆ. ಆಟ ಇದ್ರೆ ಕೈ ತಾನಾಗಿ ಕೆಲಸ ಮಾಡುತ್ತೆ. ಮನೇಲಿ ವಿಂಡೋಸ್ ಇದೆ ತಾನೇ?"

ಅಕ್ಕ ನನ್ನ ಮುಖ ನೋಡಿದಳು. "ಲಿನಕ್ಸ್ ಇದೆ" ಎಂದೆ, ಮನೆಯಲ್ಲಿ ಹುಲಿ ಸಾಕಿರುವವನ ಗತ್ತಿನಲ್ಲಿ. "ನಾನು ಓಡಿಸ್ತೀನಿ ಮೇಡಂ, ಎರಡು ದಿನದ ಕೆಲಸ."

ಮನೆಗೆ ಬಂದಾಗ ಮೆಟ್ಟಿಲ ಬಳಿ ಕೆಳಮನೆಯ ನರ್ಸ್ ಸಿಕ್ಕಳು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನವೆಲ್ಲ ಕಾರು ರೇಸ್ ಆಡುವ ಹುಡುಗಿ. ಡಬ್ಬಿ ನೋಡಿ, "ಇದು ನಮ್ಮ ಆಸ್ಪತ್ರೇಲೂ ಇದೆ ಅಣ್ಣ. ನನ್ನ ಲ್ಯಾಪ್‌ಟಾಪಲ್ಲಿ ಚುಚ್ಚಿದ್ರೆ ಸಾಕು, ಈಗ್ಲೇ ಓಡುತ್ತೆ. ಅಕ್ಕನ್ನ ಕಳಿಸಿ" ಎಂದಳು.

"ಅದು ಲ್ಯಾಪ್‌ಟಾಪೇನಮ್ಮಾ? ಅದರ ಮೇಲೆ ಬಟ್ಟೆ ಇಸ್ತ್ರಿ ಮಾಡಬಹುದು" ಎಂದು ನಾನು ಮೇಲೆ ಹತ್ತಿಬಿಟ್ಟೆ. ಹಿಂದೆ ಅಕ್ಕ ಅವಳಿಗೆ ಏನೋ ಮೆಲ್ಲಗೆ ಹೇಳಿದಳು. ನನ್ನ ಪರವಾಗಿ ತಪ್ಪೊಪ್ಪಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಎರಡು ದಿನದ ಕೆಲಸ ಇಪ್ಪತ್ತನಾಲ್ಕು ದಿನ ಎಳೆಯಿತು. ಚೆಂಡು ಮಾಡಿದವರು ಲಿನಕ್ಸಿಗೆಂದು ಏನೂ ಬರೆದಿರಲಿಲ್ಲ. ಕಾಗದ ಬರೆದರೆ ಉತ್ತರವಿಲ್ಲ. ಹಾಗಾಗಿ ಚೆಂಡಿನ ಮಾತನ್ನು ನಾನೇ ಕಲಿಯಬೇಕಾಯಿತು. ಹಿಚುಕಿದಾಗೆಲ್ಲ ಅದು ಎಂಟು ಸಂಖ್ಯೆಗಳನ್ನು ಕಳಿಸುತ್ತದೆ. ಯಾವುದು ಬೆರಳಿನ ಒತ್ತಡ, ಯಾವುದು ಬಿಟ್ಟ ಕ್ಷಣ ಎಂದು ಒಂದೊಂದಾಗಿ ಕಂಡುಹಿಡಿಯಬೇಕು. ದಿನಾ ಸಂಜೆ ಗ್ರಂಥಾಲಯದಿಂದ ಬಂದವನೇ ಡಬ್ಬಿ ಬಿಚ್ಚಿ, ಚೆಂಡು ಚುಚ್ಚಿ, ಮೊದಲು ಬಂದ ಎಂಟು ಸಂಖ್ಯೆಗಳನ್ನು ಒಂದು ಹಾಳೆಯ ನೆತ್ತಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆರು ಸಂಖ್ಯೆಗಳು ಒಂದು ವಾರದಲ್ಲಿ ಬಗ್ಗಿದವು. ಕೊನೆಯ ಎರಡು ಮಾತ್ರ ಬಗ್ಗಲಿಲ್ಲ. ಮೊದಲ ದಿನ ಎರಡೂ ಸೊನ್ನೆ. ಮರುದಿನ 124 ಮತ್ತು 1. ಅದರ ಮರುದಿನ 245 ಮತ್ತು 2. ಮಧ್ಯಾಹ್ನವೆಲ್ಲ ಡಬ್ಬಿಯಲ್ಲಿ ಮಲಗಿದ್ದ ಚೆಂಡು ಸಂಜೆ ಹೊತ್ತಿಗೆ ಹೊಸ ಸಂಖ್ಯೆ ಹೇಳಿದರೆ ಏನೆಂದುಕೊಳ್ಳಬೇಕು? ಅಗ್ಗದ ಸರಕು, ಬಾಯಿಗೆ ಬಂದದ್ದು ಒದರುತ್ತದೆ ಎಂದುಕೊಂಡೆ. ಪ್ರತಿ ಹಾಳೆಯಲ್ಲೂ ಆ ಎರಡನ್ನು ಕೆಂಪು ಮಸಿಯಲ್ಲಿ ಹೊಡೆದು ಪಕ್ಕದಲ್ಲಿ 'ಕಸ' ಎಂದು ಬರೆದೆ. ನನ್ನ ಪ್ರೋಗ್ರಾಮಿಗೂ ಆ ಎರಡನ್ನು ನೋಡಲೇಬೇಡ ಎಂದು ಹೇಳಿದೆ.

ಹತ್ತನೆಯ ದಿನ ಬಲೂನು ಏರಿತು. ನಾನು ಕೂಗಿದ ಕೂಗಿಗೆ ಭಾವ ಪೇಪರ್ ಬಿಟ್ಟು ಓಡಿಬಂದರು. ಅಕ್ಕ ಕೂತು ಹಿಚುಕಿದಳು. ಬಲೂನು ಒಂದು ಮನೆ ದಾಟಿತು, ಎರಡು ಮನೆ ದಾಟಿತು, ಹದಿನಾರನೆಯ ಹಿಚುಕಿಗೆ ನಡು ಆಕಾಶದಲ್ಲಿ ನಿಂತುಬಿಟ್ಟಿತು. ವೈರ್ ಕಿತ್ತು ಮತ್ತೆ ಚುಚ್ಚಿದೆ. ಮತ್ತೆ ಹದಿನಾರಕ್ಕೆ ನಿಂತಿತು. ಚೆಂಡನ್ನು ಬೈದೆ, ಆಟ ಬರೆದವರನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಚೆನ್ನಾಗಿದೆ ಕಣೋ. ಇಷ್ಟು ಮಾಡಿದ್ದೇ ದೊಡ್ಡದು. ಸಂಜೆ ಇದ್ರಲ್ಲಿ ಹದಿನಾರು ಆಡ್ತೀನಿ. ಉಳಿದಿದ್ದು ಹಾಗೇ ಚೆಂಡು ಹಿಡ್ಕೊಂಡು ಮಾಡ್ಕೋತೀನಿ" ಎಂದಳು ಅಕ್ಕ.

"ಬೇಜಾರಾಗಲ್ವಾ?"

"ನನಗೇನೋ ಬೇಜಾರು? ಜೀವನ ಪೂರ್ತಿ ಒಂದೇ ಹೊಲಿಗೆ ಹಾಕಿದವಳು ನಾನು."

ಭಾವ ಕೆಮ್ಮಿದರು. ಆ ದಿನಗಳಲ್ಲಿ ಅವರಿಗೆ ವಿಪರೀತ ಕೆಮ್ಮು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಮನುಷ್ಯ. ಒಮ್ಮೆ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ನಿನ್ನಕ್ಕ ತಿರುವಿನಲ್ಲಿ ಬ್ರೇಕೇ ಹಾಕಲ್ಲ ಮಾರಾಯ" ಎಂದರು. ಅಕ್ಕ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿದು, "ಬಾಯಿ ಮುಚ್ಕೊಂಡು ಊಟ ಮಾಡಿ" ಎಂದಳು. ಮೆಟ್ಟಿಲು ಇಳಿಯುವುದರ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ಕೂಡ, "ಹುಷಾರಾಗಿ ಇಳೀಬೇಕು ಅಕ್ಕ, ಇನ್ನೊಂದು ಸಲ ಬಿದ್ರೆ ಕಷ್ಟ" ಎಂದೆ. ಭಾವ ನೀರು ನೆತ್ತಿಗೆ ಹತ್ತಿಸಿಕೊಂಡರು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಭಯವಿತ್ತು. ಒತ್ತುಯಂತ್ರದ ಮೇಲೆ ಧೂಳು ಕೂತಿತ್ತು. ಗ್ರಂಥಾಲಯದ ಹರಿದ ಪುಸ್ತಕಗಳು ಗೋಣಿಚೀಲದಲ್ಲೇ ಬಿದ್ದಿದ್ದವು. ಅಕ್ಕ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ವೈರ್ ಎಳೆದವನು ನಾನು. ಸರಿ ಮಾಡುವವನೂ ನಾನೇ ಆಗಬೇಕು ಎಂಬ ಹಠ ನನಗೆ ಪಿಶಾಚಿಯಂತೆ ಹಿಡಿದಿತ್ತು. ಕೆಳಮನೆಗೆ ಕಳಿಸಿದ್ದರೆ ಮುಗಿಯುತ್ತಿತ್ತು ಎಂದು ಒಂದೆರಡು ಸಲ ಅನಿಸಿದ್ದುಂಟು. ಅನಿಸಿದ ಕೂಡಲೇ ಇನ್ನೊಂದು ಹಾಳೆ ತೆಗೆದುಕೊಳ್ಳುತ್ತಿದ್ದೆ.

ನಾಲ್ಕನೆಯ ವಾರ ಆಸ್ಪತ್ರೆಗೆ ಹೋದೆವು. ಅಕ್ಕ ಮುಷ್ಟಿ ಕಟ್ಟಿದಳು. ಮೇಡಂ ಬೆರಳು ತೂರಿಸಲು ಹೋದರು. ಮೂರು ಇರಲಿ, ಒಂದೂ ಸರಿಯಾಗಿ ಹೋಗಲಿಲ್ಲ. "ಅರೆ! ಇಷ್ಟು ಬೇಗ ಯಾರೂ ಇಲ್ಲಿಗೆ ಬಂದಿಲ್ಲ. ಯಾರು ಮಾಡಿಸಿದ್ದು?" ಎಂದರು.

"ನನ್ನ ತಮ್ಮ" ಎಂದಳು ಅಕ್ಕ.

ನನಗೆ ಆಕಾಶಕ್ಕೆ ಮೂರೇ ಗೇಣು. ಪರದೆಯ ಮೇಲೆ ದಿನಕ್ಕೆ ಹದಿನಾರು ಹಿಚುಕಿಗೇ ಹೀಗಾದರೆ ನನ್ನ ಪ್ರೋಗ್ರಾಮಿನಲ್ಲಿ ಏನೋ ಮಹಿಮೆ ಇರಲೇಬೇಕು! ಅಂದೇ ಸಂಜೆ ಲಿನಕ್ಸ್ ಗೆಳೆಯರ ಜಾಲತಾಣದಲ್ಲಿ ದೊಡ್ಡ ಬರಹ ಹಾಕಿದೆ. ಕಂಪನಿಗಳು ಕೈಬಿಟ್ಟದ್ದನ್ನು ಒಬ್ಬ ಗ್ರಂಥಾಲಯದ ನೌಕರ ಹೇಗೆ ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲಿ ಸಾಧಿಸಿದ, ಅದರಿಂದ ಅವನ ಅಕ್ಕನ ಕೈ ಹೇಗೆ ಮರಳಿ ಬಂತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಗೇಮಿಂಗ್ ಲ್ಯಾಪ್‌ಟಾಪಿನವರಿಗೆ ಎರಡು ಚುಚ್ಚು ಮಾತನ್ನೂ ಸೇರಿಸಿದೆ. ನನ್ನ ಹಾಳೆಗಳ ಫೋಟೋ ಹಾಕಿ, ಹದಿನಾರಕ್ಕೆ ನಿಲ್ಲುವ ಒಂದು ಸಣ್ಣ ತೊಂದರೆ ಉಳಿದಿದೆ, ಬಲ್ಲವರು ಹೇಳಿ ಎಂದು ಕೊನೆಗೆ ಬರೆದೆ.

ಮರುದಿನ ಗ್ರಂಥಾಲಯಕ್ಕೆ ರಜೆ. ಊಟವಾದ ಮೇಲೆ ಅಕ್ಕ, ಭಾವ ಇಬ್ಬರೂ "ಸ್ವಲ್ಪ ಓಡಾಡ್ಕೊಂಡು ಬರ್ತೀವಿ" ಎಂದು ಹೊರಗೆ ಹೋದರು. ನಾನು ಲ್ಯಾಪ್‌ಟಾಪ್ ತೆರೆದೆ. ಅರವತ್ತು ಜನ ಚಪ್ಪಾಳೆ ತಟ್ಟಿದ್ದರು. ಎಲ್ಲರ ಕೆಳಗೆ, ಗುಬ್ಬಚ್ಚಿ ಎಂಬ ಅಡ್ಡಹೆಸರಿನವರು ಯಾರೋ ಹೀಗೆ ಬರೆದಿದ್ದರು:

"ಅಭಿನಂದನೆ. ಆದರೆ ನೀವು ಕೆಂಪು ಮಸಿಯಲ್ಲಿ ಹೊಡೆದದ್ದು ಕಸವಲ್ಲ. ಎರಡನೆಯ ಸಂಖ್ಯೆಯನ್ನು 256ರಿಂದ ಗುಣಿಸಿ ಮೊದಲನೆಯದನ್ನು ಕೂಡಿಸಿ. ಒಟ್ಟು ಎಷ್ಟು ಸಲ ಹಿಚುಕಿದ್ದಾರೆ ಎಂಬ ಲೆಕ್ಕ ಅದು. ಕಂಪ್ಯೂಟರಿಗೆ ಚುಚ್ಚಿದ್ದಾಗ ಮಾತ್ರ ಏರುತ್ತದೆ. ಹದಿನಾರು ಸಲಕ್ಕೊಮ್ಮೆ ಚೆಂಡು 'ಲೆಕ್ಕ ಮುಟ್ಟಿತೇ' ಎಂದು ಕೇಳುತ್ತದೆ. ನಿಮ್ಮ ಪ್ರೋಗ್ರಾಮ್ ಆ ಸಂಖ್ಯೆಯನ್ನೇ ನೋಡದ ಕಾರಣ ಉತ್ತರ ಕೊಡುವುದಿಲ್ಲ. ಅದಕ್ಕೇ ನಿಂತುಬಿಡುತ್ತದೆ. ನಿಮ್ಮ ಅಕ್ಕ ತುಂಬಾ ಶ್ರಮಪಟ್ಟಿದ್ದಾರೆ, ಅವರಿಗೆ ನನ್ನ ನಮಸ್ಕಾರ ತಿಳಿಸಿ."

ಗುಣಾಕಾರ ಕಲಿತ ಮಕ್ಕಳು ಮಾಡುವ ಲೆಕ್ಕ. ನನಗೆ ಇಪ್ಪತ್ತನಾಲ್ಕು ದಿನ ಹೊಳೆದಿರಲಿಲ್ಲ, ಯಾಕೆಂದರೆ ಚೆಂಡನ್ನು ನನ್ನ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಚುಚ್ಚಿಲ್ಲ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೊನೆಯ ಹಾಳೆ ತೆಗೆದೆ. 196 ಮತ್ತು 36. ಗುಣಿಸಿ ಕೂಡಿಸಿದೆ. ಒಂಬತ್ತು ಸಾವಿರದ ನಾನೂರ ಹನ್ನೆರಡು. ನನ್ನ ಲ್ಯಾಪ್‌ಟಾಪಿನಲ್ಲಿ ಆದದ್ದು, ನಾನು ಪರೀಕ್ಷೆಗೆಂದು ಹಿಚುಕಿದ್ದೂ ಸೇರಿ, ನಾನೂರ ಮೂವತ್ತೇಳು. ಉಳಿದ ಎಂಟು ಸಾವಿರದ ಒಂಬೈನೂರ ಎಪ್ಪತ್ತೈದು?

ಡಬ್ಬಿ ತೆರೆದೆ. ಚೆಂಡು ಇರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಮುಚ್ಚಿಡುವುದೇಕೆ? ಇಷ್ಟು ದಿನ ನನ್ನನ್ನು ಇಂಗು ತಿಂದ ಮಂಗನನ್ನಾಗಿ ಮಾಡಿದ್ದಾರಲ್ಲ! ಚಪ್ಪಲಿ ಕೂಡ ಹಾಕದೆ ಮೆಟ್ಟಿಲು ಇಳಿದೆ. ಅರ್ಧಕ್ಕೆ ಬರುವಷ್ಟರಲ್ಲೇ ಹಿಟ್ಟಿನ ಗಿರಣಿಯ ಸದ್ದು ಕೇಳಿಸಿತು.

ಕೆಳಮನೆಯ ಬಾಗಿಲು ಅರ್ಧ ತೆರೆದಿತ್ತು. ಸರ್ಕಸ್ಸಿನ ದೀಪಗಳೆಲ್ಲ ಉರಿಯುತ್ತಿದ್ದ ಆ ಲ್ಯಾಪ್‌ಟಾಪಿನ ಮುಂದೆ ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬಲೂನು ಗಿಲೂನು ಏನೂ ಇರಲಿಲ್ಲ. ನರ್ಸ್ ಆ ಚೆಂಡನ್ನು ಕಾರು ರೇಸಿಗೆ ಜೋಡಿಸಿಕೊಟ್ಟಿದ್ದಳು. ಹಿಚುಕಿದರೆ ವೇಗ, ಬಿಟ್ಟರೆ ನಿಧಾನ. ಅಕ್ಕನ ಬಲಗೈಯಲ್ಲಿ ಚೆಂಡು, ಎಡಗೈ ಕೀಬೋರ್ಡಿನ ಮೇಲೆ. ಭಾವ ಪಕ್ಕದಲ್ಲಿ ನಿಂತು, "ಗೇರ್ ಇಳಿಸೇ! ಹಿಂದೆ ಲಾರಿ ಬರ್ತಿದೆ, ಸೈಡ್ ಕೊಡು!" ಎಂದು ಕಿರುಚುತ್ತಿದ್ದರು. "ರೇಸಲ್ಲಿ ಯಾರ್ರೀ ಸೈಡ್ ಕೊಡ್ತಾರೆ!" ಎಂದು ಅಕ್ಕ ಅವರಿಗಿಂತ ಜೋರಾಗಿ ಕಿರುಚಿ, ಹಲ್ಲು ಕಚ್ಚಿ, ಹಿಚುಕಿ, ಬಿಟ್ಟು, ಹಿಚುಕಿ, ಒಬ್ಬನನ್ನು ಹಿಂದೆ ಹಾಕಿ, ತಲೆ ಹಿಂದಕ್ಕೆಸೆದು ನಕ್ಕಳು. ಬಿದ್ದ ದಿನದಿಂದ ಅವಳ ನಗು ಕೇಳಿರಲಿಲ್ಲ. ನನ್ನ ಮೇಜಿನ ಮುಂದೆ ಅವಳು ಮುಗುಳ್ನಕ್ಕದ್ದೆಲ್ಲ ನನಗೋಸ್ಕರ ಎಂದು ಆಗ ಗೊತ್ತಾಯಿತು.

ನನ್ನನ್ನು ಮೊದಲು ನೋಡಿದವಳು ನರ್ಸ್. ಪರದೆಯ ಮೇಲೆ ಅಕ್ಕನ ಕಾರು ಹೋಗಿ ಕಂಬಕ್ಕೆ ಗುದ್ದಿತು.

"ನಾನು ಹೇಳಿಲ್ಲ! ನಾನು ಒಂದು ಮಾತೂ ಆಡಿಲ್ಲ" ಎಂದು ಭಾವ ಎರಡೂ ಕೈ ಎತ್ತಿದರು.

"ಚೆಂಡು ಹೇಳ್ತು" ಎಂದೆ.

ಅಕ್ಕ ಚೆಂಡನ್ನು ಮಡಿಲಲ್ಲಿಟ್ಟುಕೊಂಡಳು. "ಬೈಬೇಡ ಕಣೋ. ಮೊದಲ ದಿನವೇ ಹೇಳೋಣ ಅಂತಿದ್ದೆ. ನೀನು ಹಾಳೆ ಹರಡ್ಕೊಂಡು ಕೂತಿದ್ದೆ, ಊಟ ಕೂಡ ಬೇಡ ಅಂದೆ. ಹೇಳಿದ್ರೆ ನಿನ್ನ ಕೈಯಿಂದ ಅದನ್ನ ಕಿತ್ಕೊಂಡ ಹಾಗೆ ಆಗ್ತಿತ್ತು. ಆಮೇಲೆ ನೀನೇನು ಮಾಡ್ತಿದ್ದೆ? ಆ ವೈರ್ ನೋಡ್ಕೊಂಡು ಕೂತಿರ್ತಿದ್ದೆ. ನಾನು ನೋಡ್ದೆ ನಡೆದು ಬಿದ್ದಿದ್ದು. ಇಬ್ಬರ ಕೈನೂ ಮುರೀಬೇಕಾ ಅದಕ್ಕೆ?"

ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿಬಂತು. ಬೇರೆಯವರ ಮನೆಯ ಬಾಗಿಲಲ್ಲಿ, ಬರಿಗಾಲಲ್ಲಿ, ಐವತ್ತು ದಾಟಿದ ಗಂಡಸು ಮಗುವಿನಂತೆ ಅತ್ತೆ. ನರ್ಸ್ ಕುರ್ಚಿಯ ಮೇಲಿದ್ದ ಟವೆಲ್ ತಂದುಕೊಟ್ಟಳು. ಆ ಹುಡುಗಿಗೆ ಕ್ಷಮಿಸಮ್ಮಾ ಎನ್ನಬೇಕೆಂದು ಬಾಯಿ ತೆರೆದರೆ ಬಂದದ್ದು ಇಷ್ಟು: "ನಿನ್ನ ಲ್ಯಾಪ್‌ಟಾಪ್ ಬೋರಲು ಹಾಕಮ್ಮ, ತಿರುಪು ಇದೆಯಾ ನೋಡೋಣ. ಫ್ಯಾನಲ್ಲಿ ಧೂಳು ಕಟ್ಟಿದೆ, ಅದಕ್ಕೇ ಆ ಸದ್ದು." ಹನ್ನೊಂದು ತಿರುಪುಗಳಿದ್ದವು. ಒಂದೊಂದೂ ಬೆಣ್ಣೆಯಂತೆ ಬಿಚ್ಚಿಕೊಂಡಿತು.

ಸಂಜೆ ಜಾಲತಾಣದಲ್ಲಿ ಇನ್ನೊಂದು ಬರಹ ಹಾಕಿದೆ. ನಿನ್ನೆ ಬರೆದದ್ದು ಸುಳ್ಳು, ನನಗೆ ಗೊತ್ತಿಲ್ಲದೆ ಬರೆದ ಸುಳ್ಳು. ನನ್ನ ಅಕ್ಕನ ಕೈ ಸರಿಹೋದದ್ದು ಕೆಳಮನೆಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ, ಅವಳ ಸ್ವಂತ ದುಡಿಮೆಯಿಂದ ಎಂದು. ಚಪ್ಪಾಳೆ ತಟ್ಟಿದ ಅರವತ್ತು ಜನರಲ್ಲಿ ನಾಲ್ವರು ಮಾತ್ರ ಇದನ್ನು ಓದಿದರು. ಗುಬ್ಬಚ್ಚಿ ಹೇಳಿದಂತೆ ಹತ್ತು ಸಾಲು ಸೇರಿಸಿದೆ. ಬಲೂನು ಹದಿನಾರು ದಾಟಿತು, ನೂರು ದಾಟಿತು, ನಾನು ಕೈಸೋತು ನಿಲ್ಲಿಸುವವರೆಗೂ ಹಾರಿತು.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸರಿ ಹೋಯ್ತಲ್ಲ. ನಾಳೆಯಿಂದ ಇಲ್ಲೇ ಆಡ್ತೀನಿ" ಎಂದಳು.

ಆ ಮಾತಿಗೆ ನಾನು ಇಪ್ಪತ್ತನಾಲ್ಕು ದಿನ ಕಾದಿದ್ದೆ. "ಬೇಡ ಅಕ್ಕ, ಕೆಳಗೇ ಹೋಗು. ಇದ್ರಲ್ಲಿ ಲಾರಿ ಇಲ್ಲ" ಎಂದೆ.

ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ ಫಿಸಿಯೋ ಮೇಡಂಗೆ ಕೊಟ್ಟುಬಂದೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಿಟ್ಟು ಬೇರೆ ಇಲ್ಲದವರು ಬಂದರೆ ಬೇಕಾದೀತು. ನನ್ನ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿದೆ. ಮೂರನೆಯ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಾಲ್ಕನೆಯದರ ಬಗ್ಗೆ ಇನ್ನೂ ವಿಚಾರ ಮಾಡುತ್ತಿದ್ದೇನೆ. ಶಾಖ ನಿಜಕ್ಕೂ ಜಾಸ್ತಿ.

ಹತ್ತು ವಾರ ಮುಗಿದು ಚೆಂಡನ್ನು ಆಸ್ಪತ್ರೆಗೆ ಹಿಂದಿರುಗಿಸಿದ ಮರುದಿನ, ಗ್ರಂಥಾಲಯದಿಂದ ಬಂದಾಗ ಮುಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಒತ್ತುಯಂತ್ರದ ಧೂಳು ಒರೆಸಿತ್ತು. ಅಕ್ಕ ಹೊಲಿಗೆಯ ಚೌಕಟ್ಟಿನ ಮುಂದೆ ಕೂತಿದ್ದಳು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸೂಜಿ ಇತ್ತು. ಕಿರುಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಪಕ್ಕಕ್ಕೆ ನಿಂತು ನೋಡುತ್ತಿತ್ತು. ದಾರ ಎಳೆದಾಗ ಅವಳ ತುಟಿ ಬಿಗಿಯಾಯಿತು; ನೋವು ಇದ್ದೇ ಇತ್ತು. ಆದರೂ ಸೂಜಿ ಮಡಿಕೆಯೊಳಗೆ ಹೋಯಿತು, ಹೊರಗೆ ಬಂತು.

ಗೋಣಿಚೀಲದ ಪುಸ್ತಕಗಳಲ್ಲಿ ಒಂದೆಂದುಕೊಂಡು ಹತ್ತಿರ ಹೋದೆ. ಅಲ್ಲ, ನನ್ನ ಹಾಳೆಗಳು. ಕಸದ ಬುಟ್ಟಿಗೆ ಹಾಕಿದ್ದ ಇಪ್ಪತ್ತನಾಲ್ಕನ್ನೂ ಅವಳು ಎತ್ತಿಟ್ಟುಕೊಂಡು, ಸುಕ್ಕು ಬಿಡಿಸಿ, ದಿನದ ಪ್ರಕಾರ ಜೋಡಿಸಿ, ಎರಡಾಗಿ ಮಡಚಿದ್ದಳು. ಪ್ರತಿ ಹಾಳೆಯ ನೆತ್ತಿಯಲ್ಲೂ ನಾನು ಕೆಂಪು ಮಸಿಯಲ್ಲಿ ಹೊಡೆದ ಎರಡು ಸಂಖ್ಯೆಗಳಿದ್ದವು. ಸೊನ್ನೆ, ಸೊನ್ನೆ. 124, 1. 245, 2. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಕಸ', 'ಕಸ', 'ಕಸ'.

"ಇದನ್ನ್ಯಾಕೆ ಅಕ್ಕ?"

"ಮೊದಲನೇ ಹೊಲಿಗೆ ಗ್ರಂಥಾಲಯದ ಪುಸ್ತಕಕ್ಕೆ ಹಾಕಿ ಕೆಟ್ರೆ? ಇದಾದ್ರೆ ನಮ್ಮದೇ." ಅವಳು ದಾರ ಕತ್ತರಿಸಿ, ಹೊಲಿದದ್ದನ್ನು ನನ್ನ ಕಡೆ ತಳ್ಳಿದಳು. "ನಡುವೆ ಎರಡು ಸಡಿಲ ಆಗಿದೆ. ಬಿಚ್ಚಿ ಮತ್ತೆ ಹಾಕ್ಲಾ?"

ಬೇಡ ಎಂದೆ. ಮೇಜಿನ ಮೇಲೆ ಇಟ್ಟು ನಡುವಿನ ಹಾಳೆಗೆ ತೆರೆದೆ. ಅದು ಮುಚ್ಚಿಕೊಳ್ಳಲಿಲ್ಲ.